ನೀಲವ್ವನ ಮಾತಿಗೆ ಬಿಟ್ಟ ಜಾಗ

ಸಿನಿಮಾ ನೋಡಿದವರು ಹೀರೋನನ್ನು ನೆನಪಿಟ್ಟುಕೊಳ್ಳುತ್ತಾರೆ, ಹಾಡು ನೆನಪಿಟ್ಟುಕೊಳ್ಳುತ್ತಾರೆ, ಇಂಟರ್ವಲ್‌ನಲ್ಲಿ ತಿಂದ ಮಿರ್ಚಿ ಭಜಿಯನ್ನೂ ನೆನಪಿಟ್ಟುಕೊಳ್ಳುತ್ತಾರೆ. ಮಷಿನ್ ರೂಮಿನಲ್ಲಿ ನಿಂತವನನ್ನು ನೆನಪಿಸಿಕೊಳ್ಳುವುದು ರೀಲು ಹರಿದಾಗ ಮಾತ್ರ. ಆಗಲೂ ಬೈಯುವುದಕ್ಕೆ. ನಾನು ಮೌಲಾಸಾಬ, ಸವಣೂರಿನವನು. ಆಪರೇಟರ್ ಅಂತ ಸೇರಿದೆ, ಆಪರೇಟರ್ ಅಂತಲೇ ಹೊರಬಿದ್ದೆ. ನಡುವೆ ಬಡ್ತಿ ಎನ್ನುವಂಥದ್ದು ಏನೂ ಇರಲಿಲ್ಲ, ಆದ್ದರಿಂದ ಅದರ ವಿಷಯ ಬರೆಯುವ ತಾಪತ್ರಯವೂ ನನಗಿಲ್ಲ.

ಮೊನ್ನೆ ಹಾವೇರಿಯಲ್ಲಿ ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಸಿಕ್ಕಿದ್ದಳು. ಡಿಪ್ಲೊಮಾ ಓದಿದವಳು. "ಕಾಕಾ, ನಿಮ್ಮ ಕಾಲಕ್ಕ ಬಾಳ ತ್ರಾಸ ಇತ್ತಂತಲ್ರಿ. ಈಗ ಏನಿಲ್ರಿ, ಒಂದ ಬಟನ್ ಒತ್ತಿ ಕುಂದ್ರೂದು" ಎಂದಳು. ಅವಳು ಹೇಳಿದ್ದು ನಿಜವೇ. ಆದರೆ ಬಟನ್ ಒತ್ತಿದ ಮೇಲೆ ಕೂತುಬಿಟ್ಟರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿದೆ. ಅವಳಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೊನೆಯ ಭಾಗ ಬರೆಯಲು ನನಗೆ ಇಷ್ಟವಿಲ್ಲ, ಆದರೆ ಅದನ್ನು ಬಿಟ್ಟರೆ ಉಳಿದದ್ದನ್ನು ಬರೆದು ಉಪಯೋಗವೂ ಇಲ್ಲ.

ನಾನು ಕೆಲಸ ಕಲಿತದ್ದು ಹಾನಗಲ್ಲಿನ ಟೆಂಟಿನಲ್ಲಿ. ಸುತ್ತ ತಗಡು, ಮೇಲೆ ತಾಡಪತ್ರಿ, ಕೆಳಗೆ ಮರಳು. ಕಲಿಸಿದವರು ಗಫೂರ್ ಚಾಚಾ. ಅವರ ಕೈಯಲ್ಲಿ ಮಷಿನ್ ಇದ್ದರೆ ಚಿತ್ರ ಅಲುಗಾಡುತ್ತಿರಲಿಲ್ಲ. ಆಗ ದೀಪ ಅಂದರೆ ಬಲ್ಬಲ್ಲ, ಎರಡು ಕಾರ್ಬನ್ ಕಡ್ಡಿಗಳ ನಡುವೆ ಹೊತ್ತುವ ಬೆಂಕಿ. ಕಡ್ಡಿ ಉರಿದು ಸಣ್ಣದಾದಂತೆ ಕೈಯಿಂದ ಮುಂದೆ ತಳ್ಳುತ್ತಿರಬೇಕು. ಒಂದು ಗಳಿಗೆ ಮೈಮರೆತರೆ ಪರದೆ ಹಳದಿಯಾಗುತ್ತಿತ್ತು, ಮರಳಿನ ಮೇಲೆ ಕೂತವರು ಚಾಚಾರ ವಂಶವನ್ನೆಲ್ಲ ಎಣಿಸುತ್ತಿದ್ದರು.

ಆದರೆ ಚಾಚಾ ನನಗೆ ಮೊದಲು ಕಲಿಸಿದ್ದು ದೀಪವನ್ನಲ್ಲ, ಕೆಮ್ಮನ್ನು. ಸೌಂಡ್ ಸರಿ ಇದೆಯೋ ಇಲ್ಲವೋ ಎಂದು ಮಷಿನ್ ರೂಮಿನಲ್ಲಿ ನಿಂತವನಿಗೆ ತಿಳಿಯುವುದಿಲ್ಲ, ಅಲ್ಲಿ ಮಷಿನ್ನಿನದೇ ಗದ್ದಲ. ಗೋಡೆಯ ಕಿಂಡಿಗೆ ಕಿವಿ ಕೊಟ್ಟು ಜನರನ್ನು ಕೇಳಬೇಕು. ಮಾತು ಕೇಳಿಸದಿದ್ದರೆ ಜನ ಕೆಮ್ಮುತ್ತಾರೆ. ಏಕೆಂದು ಅವರಿಗೂ ಗೊತ್ತಿರುವುದಿಲ್ಲ. ಒಂದು ಕಡೆ ಕೆಮ್ಮು ಎದ್ದರೆ ಬಿಟ್ಟುಬಿಡು, ನಾಲ್ಕು ಕಡೆ ಎದ್ದರೆ ಸೌಂಡ್ ಒಂದು ಕೂದಲಷ್ಟು ಏರಿಸು. "ಮಂದಿ ಸುಮ್ಮಕಿದ್ರ ನೀನೂ ಸುಮ್ಮಕಿರು" ಎನ್ನುತ್ತಿದ್ದರು. ಆ ಕೆಮ್ಮಿನ ಲೆಕ್ಕ ನನ್ನನ್ನು ಮೂವತ್ತು ವರ್ಷ ಸಾಕಿತು.

ಅಲ್ಲಿಂದ ಸವಣೂರಿಗೆ ಬಂದೆ, ನನ್ನ ಊರಿಗೇ. ಅಲ್ಲಿ ಒಂದೇ ಪ್ರಿಂಟನ್ನು ಎರಡು ಊರಿನಲ್ಲಿ ಓಡಿಸುವ ಕಸರತ್ತು ಇತ್ತು. ಶಿಗ್ಗಾವಿಯ ಟಾಕೀಸಿನಲ್ಲಿ ಆಟ ಮೊದಲು ಶುರುವಾಗುತ್ತಿತ್ತು. ಅಲ್ಲಿ ಮುಗಿದ ರೀಲುಗಳನ್ನು ಚೀಲಕ್ಕೆ ತುಂಬಿ ಮೋಟಾರ್ ಸೈಕಲ್ ಮೇಲೆ ನಮಗೆ ತಂದುಕೊಡುತ್ತಿದ್ದರು. ಒಂದು ದಿನ ಚೀಲ ತಡವಾಗಿ ಬಂತು, ಜನ ಕುರ್ಚಿ ಬಡಿಯತೊಡಗಿದ್ದರು. ಅವಸರದಲ್ಲಿ ನಾನು ಡಬ್ಬಿಯ ಮೇಲಿನ ನಂಬರ್ ನೋಡದೆ ಏರಿಸಿಬಿಟ್ಟೆ. ಕಂಕುಳಲ್ಲಿ ಮಗು ಎತ್ತಿಕೊಂಡಿದ್ದ ಹೆಣ್ಣುಮಗಳು ಮುಂದಿನ ರೀಲಿನಲ್ಲಿ ವರ ನೋಡಲು ಬಂದವರ ಎದುರು ತಲೆ ತಗ್ಗಿಸಿ ಕೂತಿದ್ದಳು. ಆಟ ಬಿಟ್ಟ ಮೇಲೆ ಮಾಲೀಕರು ನನ್ನನ್ನು ಕರೆದು, "ಏನೋ ಮೌಲಾ, ಕೂಸು ಹುಟ್ಟಿದ ಮ್ಯಾಲೆ ಹುಡುಗನ್ನ ನೋಡಿದ್ರ ಛಲೋ ಅಂತ ನಿನ್ನ ಅಭಿಪ್ರಾಯ ಏನು?" ಎಂದರು. ಅಷ್ಟೇ, ಕೆಲಸದಿಂದ ತೆಗೆಯಲಿಲ್ಲ. ಅಂಥ ಮೇಲಿನವರು ಮುಂದೆ ನನಗೆ ಸಿಗಲಿಲ್ಲ.

ಆ ಟಾಕೀಸು ಮುಚ್ಚಿದಾಗ ಹಿರೇಕೆರೂರಿಗೆ ಹೋದೆ. ನನ್ನ ಬದುಕಿನ ಹೆಚ್ಚಿನ ಪಾಲು ಕಳೆದದ್ದು ಅಲ್ಲಿಯೇ. ಬಾಲ್ಕನಿ ಇಲ್ಲದ ಸಣ್ಣ ಟಾಕೀಸು. ಹಿಂದಿನ ಸಾಲು ನನ್ನ ಕಿಂಡಿಯ ನೇರ ಕೆಳಗೆ. ಸಂತೆಯ ದಿನ ಮ್ಯಾಟ್ನಿಗೆ ಸುತ್ತಲಿನ ಹಳ್ಳಿಗಳ ಜನ ತುಂಬುತ್ತಿದ್ದರು. ಅಂಥ ಒಂದು ಮಧ್ಯಾಹ್ನ ಗೇಟಿನವನು ಮೇಲೆ ಬಂದು, ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಬಾಯಿ ಮುಚ್ಚದೆ ಮಾತಾಡುತ್ತಿದ್ದಾಳೆ, ಜನ ಬೈಯುತ್ತಿದ್ದಾರೆ ಎಂದು ದೂರಿದ. ಇಂಟರ್ವಲ್‌ನಲ್ಲಿ ನಾನೇ ಇಳಿದು ಹೋದೆ. ಆಗ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ಮೂಲೆಯ ಕುರ್ಚಿಯಲ್ಲಿ ಮೂವತ್ತೈದರ ಆಸುಪಾಸಿನ ಹೆಂಗಸು, ಪಕ್ಕದಲ್ಲಿ ಅವಳ ಗಂಡ. ಕಾಲ ಬಳಿ ಮಾರಿ ಉಳಿದ ಎರಡು ಸುತ್ತು ಹಗ್ಗ.

"ಏನವ್ವಾ, ಎಲ್ಲಾರೂ ಪಿಚ್ಚರ್ ನೋಡಾಕ ಬಂದಾರೋ, ನಿನ್ನ ಮಾತ ಕೇಳಾಕ ಬಂದಾರೋ?" ಎಂದೆ.

ಅವಳು ಎದ್ದು ನಿಂತಳು. "ತಪ್ಪಾತ್ರಿ ಅಣ್ಣಾರ. ಇವರಿಗೆ ಕಣ್ಣ ಕಾಣಂಗಿಲ್ರಿ. ಏನೇನ ನಡದೈತಿ ಅಂತ ಹೇಳಾಕತ್ತಿದ್ದೆ. ಇನ್ನ ಮ್ಯಾಲೆ ಸಣ್ಣಗ ಹೇಳ್ತೇನ್ರಿ."

ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಅವರು ಅಬಲೂರಿನವರು. ಗಂಡ ಫಕೀರಪ್ಪ, ಸಣ್ಣವನಿದ್ದಾಗಲೇ ಸಿಡುಬಿನಲ್ಲಿ ಕಣ್ಣು ಹೋದವರು. ಹಗ್ಗ ಹೊಸೆಯುತ್ತಿದ್ದರು. ಹೆಂಡತಿ ನೀಲವ್ವ. ಸಂತೆಯಲ್ಲಿ ಹಗ್ಗ ಮಾರಿ, ಮ್ಯಾಟ್ನಿ ನೋಡಿ, ಕಡೆಯ ಬಸ್ಸಿಗೆ ಮೊದಲೇ ಊರು ಸೇರುವುದು ಅವರ ಪದ್ಧತಿ. ಅವಳು ಹೇಳುವುದು, ಅವರು ಕೇಳುವುದು. ಸಿನಿಮಾ ಅವರಿಗೆ ಹೀಗೆ ಇಬ್ಬರೂ ಕೂಡಿ ಮಾಡುವ ಕೆಲಸವಾಗಿತ್ತು.

ಅಂದು ಉಳಿದರ್ಧ ಆಟದಲ್ಲಿ ನಾನು ಕಿಂಡಿಗೆ ಕಿವಿಗೊಟ್ಟು ಅವಳ ಮಾತನ್ನೇ ಕೇಳಿದೆ. ಪಾತ್ರಗಳು ಮಾತಾಡುವಾಗ ಅವಳು ತುಟಿ ಬಿಚ್ಚುತ್ತಿರಲಿಲ್ಲ. ಮಾತು ನಿಂತು ಬರೀ ವಾದ್ಯ ಬಾರಿಸುವ ಕಡೆ ಮಾತ್ರ ಗಂಡನ ಕಿವಿಯತ್ತ ಬಾಗಿ, "ಪತ್ರ ಓದಾಕತ್ತಾಳ, ಕೈ ನಡಗಾಕತ್ತಾವು, ಈಗ ಕಿಡಕಿ ಮುಚ್ಚಿದ್ಳು" ಎನ್ನುತ್ತಿದ್ದಳು. ವಾದ್ಯದ ಸದ್ದು ಜೋರಾದಾಗ ಅವಳೂ ದನಿ ಏರಿಸಬೇಕಾಗುತ್ತಿತ್ತು, ಜನ ಬೈಯುತ್ತಿದ್ದದ್ದು ಆವಾಗಲೇ. ಮುಂದಿನ ಸಂತೆಯಿಂದ ನಾನು ಒಂದು ಕೆಲಸ ಮಾಡತೊಡಗಿದೆ. ಮಾತಿಲ್ಲದ ಕಡೆ ಸೌಂಡನ್ನು ಸ್ವಲ್ಪ ಇಳಿಸುವುದು, ಮಾತು ಬರುವ ಮೊದಲು ಮತ್ತೆ ಏರಿಸುವುದು. ಮೊದಲ ದಿನಗಳಲ್ಲಿ ಆಟ ನೋಡಿ ಎಲ್ಲೆಲ್ಲಿ ಇಳಿಸಬೇಕೆಂದು ಗುರುತು ಹಾಕಿಕೊಳ್ಳುತ್ತಿದ್ದೆ. ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೇಟಿನವನಿಗೂ ನಾನು ಹೇಳಿರಲಿಲ್ಲ.

ಮೂರನೆಯ ವಾರವೋ ನಾಲ್ಕನೆಯ ವಾರವೋ, ಆಟ ಬಿಟ್ಟಾಗ ಫಕೀರಪ್ಪ ಮೆಟ್ಟಿಲ ಬಳಿ ಕೋಲು ಊರಿ ನಿಂತಿದ್ದರು. "ಮೌಲಾಸಾಬ್ರ, ಯಾರೋ ನಮಗ ನಡುನಡುವ ಜಾಗಾ ಬಿಟ್ಟ ಕೊಡಾಕತ್ತಾರ. ಯಾರಂತ ಗೊತ್ತಾತ್ರಿ" ಎಂದರು. ನನ್ನ ಕೆಲಸವನ್ನು ಕಂಡು ಹೊಗಳಿದ ಮನುಷ್ಯ ಅವರೊಬ್ಬರೇ. ಕಣ್ಣಿದ್ದವರು ಯಾರೂ ಕಂಡಿರಲಿಲ್ಲ.

ಹದಿನೈದು ವರ್ಷಕ್ಕೂ ಮಿಗಿಲಾಗಿ ಹೀಗೆ ನಡೆಯಿತು. ಹಂಗಾಮಿನಲ್ಲಿ ಗೋವಿನಜೋಳದ ಕೆಲಸ ಇದ್ದಾಗ ಮಾತ್ರ ತಪ್ಪಿಸುತ್ತಿದ್ದರು. ನೀಲವ್ವನೂ ಸಿನಿಮಾ ಹುಚ್ಚಿನವಳೇ. ಗಂಡನ ನೆಪದಲ್ಲಿ ತಾನು ನೋಡುತ್ತಾಳೆಂದು ನಾನು ಚೇಷ್ಟೆ ಮಾಡಿದರೆ, "ಹೌದ್ರಿ ಮತ್ತ. ನಾ ಏನ ಸುಮ್ಮನ ಬರ್ತೇನೇನು?" ಎಂದು ನಗುತ್ತಿದ್ದಳು.

ಆಮೇಲೆ ಕಾಲ ಬದಲಾಯಿತು. ಹಳೆಯ ಸೌಂಡ್ ಪರದೆಯ ಹಿಂದಿನ ಒಂದೇ ಪೆಟ್ಟಿಗೆಯಿಂದ ಬರುತ್ತಿತ್ತು. ಈಗ ಎರಡೂ ಗೋಡೆಗಳಿಗೆ, ಬೆನ್ನ ಹಿಂದಕ್ಕೂ ಸ್ಪೀಕರ್ ಬಿಗಿದರು. ಹಿಂದಿನ ಸಾಲಿನವರ ತಲೆಯ ಮೇಲೆಯೇ ಒಂದು ಜೋಡಿ. ಕೆಲವು ವರ್ಷಗಳಿಗೆ ರೀಲೂ ಹೋಯಿತು. ಕಬ್ಬಿಣದ ಬೀರುವಿನಂಥ ಪೆಟ್ಟಿಗೆ ಬಂತು, ಚಿತ್ರ ಅದರೊಳಗೇ ಬಂದು ಕೂರುತ್ತಿತ್ತು.

ಹೊಸದರಲ್ಲಿ ಒಳ್ಳೆಯದು ಇರಲಿಲ್ಲ ಎಂದರೆ ನಾನು ಸುಳ್ಳುಗಾರನಾಗುತ್ತೇನೆ. ಚಿತ್ರದ ಮೇಲೆ ಮಳೆ ಬಿದ್ದಂಥ ಗೀರುಗಳಿಲ್ಲ, ಅಲುಗಾಟವಿಲ್ಲ. ಬೆಂಗಳೂರಿನಲ್ಲಿ ಬಿಡುಗಡೆಯಾದ ದಿನವೇ ಹಿರೇಕೆರೂರಿನಲ್ಲೂ ಬಿಡುಗಡೆ. ಕಾರ್ಬನ್ ಹೊಗೆ ಕುಡಿದು ಗಫೂರ್ ಚಾಚಾರ ಎದೆ ಹಾಳಾದಂತೆ ಇನ್ನಾರದೂ ಆಗುವುದಿಲ್ಲ. ಮೊದಲ ದಿನ ಹಿಂದಿನಿಂದ ಕುದುರೆ ಓಡಿ ಬಂದ ಸದ್ದಿಗೆ ಜನ ತಿರುಗಿ ನೋಡಿ, ಆಮೇಲೆ ತಮ್ಮನ್ನು ನೋಡಿಕೊಂಡು ತಾವೇ ನಕ್ಕರು. ನನಗೂ ಖುಷಿಯಾಗಿತ್ತು.

ಆದರೆ ಆ ಹೊತ್ತಿಗೆ ನನ್ನ ಕಿವಿ ಹೋಗತೊಡಗಿತ್ತು. ಅಷ್ಟು ವರ್ಷ ಬಲಗಿವಿಯ ಪಕ್ಕದಲ್ಲೇ ಮಷಿನ್ ಓಡಿತ್ತಲ್ಲ, ಮೊದಲು ಅದು ಹೋಯಿತು, ಎಡಗಿವಿಯೂ ಅದರ ಹಿಂದೆಯೇ ಹೊರಟಿತ್ತು. ಮನೆಯಲ್ಲಿ ಹೆಂಡತಿ ಕರೆದರೆ ನಾನು ಓಗೊಡುತ್ತಿರಲಿಲ್ಲ, ಬೇಕೆಂದೇ ಹೀಗೆ ಮಾಡುತ್ತೇನೆಂದು ಅವಳು ಮುನಿಸಿಕೊಳ್ಳುತ್ತಿದ್ದಳು. ಅವಳು ಹಾಗೆಯೇ ತಿಳಿಯಲಿ ಎಂದು ನಾನೂ ಬಿಟ್ಟೆ. ಕಿವಿ ಕೇಳದ ಆಪರೇಟರನನ್ನು ಯಾರು ಇಟ್ಟುಕೊಳ್ಳುತ್ತಾರೆ? ಟಾಕೀಸು ಕೊಂಡಿದ್ದ ಹೊಸ ಮಾಲೀಕರು ಮೊದಲೇ, "ಬಟನ್ ಒತ್ತಾಕ ಇಬ್ರು ಯಾಕ ಬೇಕು?" ಎಂದು ಒಬ್ಬನನ್ನು ಮನೆಗೆ ಕಳಿಸಿದ್ದರು.

ಪೆಟ್ಟಿಗೆ ಕೂರಿಸಲು ಬಂದ ಎಂಜಿನಿಯರ್ ಸೌಂಡಿನ ಗುಂಡಿಯ ಪಕ್ಕದಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದು, ಇದನ್ನು ದಾಟಬೇಡಿ ಎಂದು ಹೇಳಿ ಹೋಗಿದ್ದ. ಗುಂಡಿಯನ್ನು ಗೆರೆಗೆ ಸರಿಯಾಗಿ ಇಟ್ಟರೆ ನನಗೆ ಕಿಂಡಿಯಿಂದ ಏನೂ ಕೇಳಿಸುತ್ತಿರಲಿಲ್ಲ. ಕೆಳಗೆ ಸೌಂಡೇ ಇಲ್ಲವೇನೋ ಎಂದು ಜೀವ ಹೊಡೆದುಕೊಳ್ಳುತ್ತಿತ್ತು. ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿದೆ, ಗೆರೆ ಬಹಳ ಹಿಂದೆ ಉಳಿಯಿತು. ಹುಡುಗರು ಎದೆ ಗುದ್ದುವ ಸದ್ದಿಗೆ ಸಿಳ್ಳೆ ಹಾಕುತ್ತಿದ್ದರು, ಅದಷ್ಟೇ ನನಗೆ ಕೇಳುತ್ತಿತ್ತು. ವಯಸ್ಸಾದವರು ಕಿವಿಯಲ್ಲಿ ಅರಳೆ ಇಟ್ಟುಕೊಂಡು ಕೂತಿದ್ದನ್ನು ನಾನು ಕಂಡಿದ್ದೇನೆ. ಕಂಡೂ ಕಾಣದವನಂತಿದ್ದೆ. ಕೇಳಿದವರಿಗೆಲ್ಲ ಹೊಸ ಸೌಂಡ್ ಇರುವುದೇ ಹೀಗೆ ಎನ್ನುತ್ತಿದ್ದೆ. ಮಾತಿಲ್ಲದ ಕಡೆ ಇಳಿಸುವ ಹಳೆಯ ರೂಢಿಯೂ ಬಿಟ್ಟುಹೋಯಿತು. ಮಾತು ಎಲ್ಲಿ ನಿಲ್ಲುತ್ತದೆ ಎಂಬುದೇ ನನಗೆ ತಿಳಿಯುತ್ತಿರಲಿಲ್ಲ.

ಕಿವಿ ಕೈಕೊಟ್ಟ ದಿನವೇ ನಾನು ಅದನ್ನು ಹೇಳಿಬಿಡಬೇಕಿತ್ತು. ಈ ಕೆಲಸಕ್ಕೆ ಬರುವವರು ಬೇರೆ ಯಾವುದನ್ನು ಮರೆತರೂ ಇದನ್ನು ಮರೆಯಬಾರದು.

ಆಗ ಒಂದು ಕೌಟುಂಬಿಕ ಚಿತ್ರ ಬಂದಿತ್ತು. ಹಳ್ಳಿಯ ಶಾಲೆಯ ಮಾಸ್ತರ, ಅವನ ಹೆಂಡತಿ. ಅವಳು ತವರಿಗೆ ಹೋಗಿ ಮರಳುವಾಗ ಹೊಳೆ ತುಂಬಿರುತ್ತದೆ, ದೋಣಿ ಮಗುಚುತ್ತದೆ. ಅಲ್ಲಿಗೆ ಇಂಟರ್ವಲ್. ಸಂತೆಯ ದಿನ ಮ್ಯಾಟ್ನಿಯಲ್ಲಿ ಫಕೀರಪ್ಪ, ನೀಲವ್ವ ಎಂದಿನ ಮೂಲೆಯಲ್ಲಿದ್ದರು. ಇಂಟರ್ವಲ್‌ನಲ್ಲಿ ನಾನು ಕೆಳಗಿಳಿದು ಚಹಾದಂಗಡಿಯವನ ಮುಂದೆ ನಿಂತಿದ್ದೆ. ಯಾರೋ ತೋಳು ಹಿಡಿದು ಎಳೆದರು. ತಿರುಗಿದರೆ ನೀಲವ್ವ, ಹಿಂದೆ ಫಕೀರಪ್ಪ. ಎದುರಿಗೆ ನಿಂತವರ ತುಟಿ ನೋಡಿ ಮಾತು ತಿಳಿದುಕೊಳ್ಳುವುದು ಆಗಲೇ ನನಗೆ ರೂಢಿಯಾಗಿತ್ತು.

"ಸೌಂಡ ಸ್ವಲ್ಪ ಇಳಿಸ್ರಿ ಮೌಲಾಸಾಬ್ರ. ಅಕಿ ಹೇಳೂದು ಒಂದೂ ಕೇಳವಲ್ದು" ಎಂದರು ಫಕೀರಪ್ಪ.

"ಅದು ಕಂಪನಿಯವ್ರು ಇಟ್ಟ ಸೌಂಡ್ರಿ. ನನ್ನ ಕೈಯಾಗಿಲ್ಲ" ಎಂದೆ.

ಸುತ್ತ ನಿಂತವರಿಗೆಲ್ಲ ಕೇಳುವಂತೆ ಅವರು, "ಕಂಪನಿಯವ್ರು ಇಟ್ಟಿದ್ದಲ್ರಿ ಅದು. ನಿಮಗ ಕಿವಿ ಕೇಳವಲ್ದು. ಈಗ ಬೆನ್ನ ಹಿಂದ ನಿಂತು ಮೂರ ಸಲ ಕರದೇನಿ, ನೀವು ಹೊಳ್ಳಲಿಲ್ಲ" ಎಂದರು.

ಚಹಾದಂಗಡಿಯವನು ನನ್ನನ್ನು ನೋಡಿದ. ಗೇಟಿನವನು ನೋಡಿದ. ಗೇಟಿನವನ ಬಾಯಿಗೆ ಬಿದ್ದ ಮಾತು ಮಾಲೀಕರನ್ನು ಮುಟ್ಟಲು ತಡವಿಲ್ಲವೆಂದು ನನಗೆ ಗೊತ್ತಿತ್ತು. ಹೆದರಿಕೆ ಸಿಟ್ಟಾಗಿ ಹೊರಬಂತು.

"ಕಣ್ಣಿಲ್ಲದಾಂವ ನನ್ನ ಕಿವಿ ತಪಾಸ ಮಾಡಾಕ ಬಂದಾನು. ಕುರುಡಗ ಪಿಚ್ಚರ್ ಯಾಕ ಬೇಕಪಾ? ಮನ್ಯಾಗ ರೇಡಿಯೋ ಹಚ್ಚಿಕೊಂಡು ಕುಂದ್ರು ಹೋಗು" ಎಂದೆ.

ಅಷ್ಟು ವರ್ಷ ನಾನು ಅಣ್ಣ ಎಂದು ಕರೆದವರಿಗೆ ಏಕವಚನ. ನೀಲವ್ವ ನನ್ನ ಮುಖವನ್ನೇ ನೋಡಿದಳು. ಬೈದಿದ್ದರೆ ಒಳ್ಳೆಯದಿತ್ತು. ಅವಳು ಗಂಡನ ಕೈ ಹಿಡಿದುಕೊಂಡು, "ನಡ್ರಿ, ಬಸ್ಸು ಸಿಗತೈತಿ" ಎಂದಳು. ಅವಳ ತುಟಿ ನೋಡಿ ಅದನ್ನು ತಿಳಿದುಕೊಂಡೆ. ಗೇಟಿನವನು ಗಂಟೆ ಬಾರಿಸಿದ, ನಾನು ಮೇಲೆ ಹೋಗಿ ಬಟನ್ ಒತ್ತಿದೆ. ಕಿಂಡಿಯಿಂದ ನೋಡಿದರೆ ಮೂಲೆಯ ಎರಡು ಕುರ್ಚಿ ಖಾಲಿ ಇದ್ದವು.

ಅವರು ಮತ್ತೆ ಬರಲಿಲ್ಲ. ಪ್ರತಿ ಸಂತೆಗೂ ನಾನು ಆ ಮೂಲೆ ನೋಡುತ್ತಿದ್ದೆ. ಅಬಲೂರು ಏನು ಮಹಾ ದೂರವಲ್ಲ, ಹೋಗಿ ಕಾಲು ಹಿಡಿದು ಬರಬಹುದಿತ್ತು. ಇಂದು, ನಾಳೆ ಎಂದು ದಿನ ತಳ್ಳಿದೆ. ಆಮೇಲೆ ರೋಗದ ಕಾಲ ಬಂದು ಟಾಕೀಸು ಮುಚ್ಚಿತು. ಮತ್ತೆ ತೆರೆಯಲಿಲ್ಲ. ಈಗ ಅದು ಗೋವಿನಜೋಳ ತುಂಬುವ ಗೋದಾಮು. ನಾನು ಸವಣೂರಿಗೆ ಮರಳಿದೆ.

ಕಿವಿಗೆ ಮಷಿನ್ ಹಾಕಿಸಿದ್ದು ಹೋದ ವರ್ಷ. ಹಾಕಿಕೊಂಡ ಹೊಸದರಲ್ಲಿ ಹಾವೇರಿಗೆ ಹೋಗಿ ಒಂದು ಸಿನಿಮಾ ನೋಡಿದೆ. ಹತ್ತು ನಿಮಿಷ ಕೂರಲಾಗಲಿಲ್ಲ, ಕಿವಿಯ ಮಷಿನ್ ತೆಗೆದು ಕಿಸೆಗೆ ಹಾಕಿಕೊಂಡೆ. ಅಲ್ಲಿ ಸೌಂಡ್ ಸರಿಯಾಗಿಯೇ ಇತ್ತೇನೋ. ಆದರೆ ನಾನು ಅದಕ್ಕಿಂತ ಎಷ್ಟು ಜೋರಾಗಿ ಹಿರೇಕೆರೂರಿನ ಜನರ ತಲೆಯ ಮೇಲೆ ಸುರಿದಿದ್ದೆ ಎಂದು ಆಗ ಅರ್ಥವಾಯಿತು. ಆ ಸದ್ದಿನ ಕೆಳಗೆ ನೀಲವ್ವ ಗಂಡನ ಕಿವಿಗೆ ಬಾಯಿ ಹಚ್ಚಿ ಕೂಗುತ್ತಿದ್ದುದು ಕಣ್ಣ ಮುಂದೆ ಬಂತು. ಆಟದ ನಡುವೆ ಎದ್ದು ಬಂದೆ. ಮರುದಿನ ಅಬಲೂರಿಗೆ ಹೋದೆ.

ಫಕೀರಪ್ಪ ತಂಗಿಯ ಮಗಳ ಮನೆಯಲ್ಲಿದ್ದರು. ತುಂಬಿದ ಮನೆ, ಒಳಗೆ ರೊಟ್ಟಿ ಬಡಿಯುವ ಸದ್ದು. ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. "ಫಕೀರಪ್ಪಣ್ಣ" ಎಂದೆ. ಕೈ ನಿಂತಿತು.

"ಮೌಲಾಸಾಬ್ರೇನು? ಬರ್ರಿ, ಕುಂದರ್ರಿ" ಎಂದರು. ತಂಗಿಯ ಮಗಳು ನೀರು ತಂದಳು. ನೀಲವ್ವನನ್ನು ಕೇಳುವ ಮೊದಲೇ ಅವರೇ ಹೇಳಿದರು. ತೀರಿಕೊಂಡು ಎರಡು ವರ್ಷವಾಗಿತ್ತು, ಜ್ವರದ ನೆಪ.

ಬರುವಾಗ ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು. "ನಾ ಅವತ್ತ ಅಂದಿದ್ದು ತಪ್ಪಾತ್ರಿ. ಕಿವಿ ಕೇಳತಿದ್ದಿಲ್ಲ ನನಗ. ನೀವು ಹೇಳಿದ್ದ ಖರೇ ಇತ್ತು" ಎಂದೆ. ಅಷ್ಟು ಹೇಳುವುದರೊಳಗೆ ಅಳು ಬಂದುಬಿಟ್ಟಿತ್ತು.

"ನನಗೇನ ಅಷ್ಟ ಸಿಟ್ಟ ಬಂದಿದ್ದಿಲ್ರಿ" ಎಂದರು ಫಕೀರಪ್ಪ. "ಕುರುಡ ಅನ್ನೂದು ನಾ ಸಣ್ಣಾಂವ ಇದ್ದಾಗಿಂದ ಕೇಳೇನಿ. ಅಕಿಗೆ ಬಾಳ ನೊಂದಿತ್ತು. ನೀ ಒಬ್ಬಾಕೀನ ಹೋಗಿ ಬಾ ಅಂತ ಎಷ್ಟ ಹೇಳಿದ್ರೂ ಮತ್ತ ಟಾಕೀಜಿನ ಹೊಸ್ತಿಲ ತುಳೀಲಿಲ್ಲ. ನಿಮಗ ಇಲ್ಲದ್ದು ನನಗ್ಯಾಕ ಅಂತಿದ್ಳು."

ನಾನು ಕಸಿದುಕೊಂಡದ್ದು ಕಣ್ಣಿಲ್ಲದವರ ಸಿನಿಮಾವನ್ನಷ್ಟೇ ಅಲ್ಲ, ಕಣ್ಣಿದ್ದವಳದ್ದನ್ನೂ. ಹಗ್ಗದ ನಾರು ನೋಡುತ್ತ ಕೂತೆ. ಅವರೇ ಮಾತು ಮುಂದುವರಿಸಿದರು.

"ಅವತ್ತಿನ ಪಿಚ್ಚರ್ ಅರ್ಧಕ್ಕ ಬಿಟ್ಟ ಬಂದ್ವಿ ನೋಡ್ರಿ. ದೋಣಿ ಮುಳುಗಿತ್ತು. ಮುಂದೇನಾತು ಅಂತ ದಾರಿ ತುಂಬ ಚಡಪಡಿಸಿದೆ. ಮನಿಗೆ ಬಂದು ಅಕೀನ ಹೇಳಿದ್ಳು. ಆ ಹೆಣ್ಣಮಗಳು ಒಂದ ಮರದ ಬಡ್ಡಿ ಹಿಡಕೊಂಡು ತೇಲಿ ಹೋಗಿ ದೂರದ ಊರಾಗ ದಂಡಿ ಹತ್ತತಾಳಂತ. ಅಲ್ಲೆ ಒಬ್ಬ ಮುದುಕಿ ಆರೈಕಿ ಮಾಡತಾಳಂತ. ಮಾಸ್ತರ ಇಲ್ಲೆ ಅಕಿ ಸತ್ಳು ಅಂತ ತಿಳದು ಊಟದ ಗಂಗಾಳದ ಮುಂದ ಕುಂತಾನು, ಕೈ ಹಚ್ಚವಲ್ಲ. ಬಾಗಲಾಗ ನಿಂತು ಅಕಿ, ಯಾಕ ಇನ್ನೂ ಉಂಡಿಲ್ಲ ಅಂತಾಳಂತ. ಅಲ್ಲಿಗೆ ಮುಗೀತು ಅಂದ್ಳು. ನೀ ನೋಡೇ ಇಲ್ಲಲ್ಲ ಅಂದ್ರ, ನನಗ ಗೊತ್ತಾಗತೈತಿ, ಇಂಥಾ ಪಿಚ್ಚರ್ ಎಷ್ಟ ನೋಡಿಲ್ಲ ಅಂದ್ಳು."

ಅವರು ಮುಖವನ್ನು ನನ್ನ ಕಡೆ ತಿರುಗಿಸಿದರು. "ನೀವು ಪೂರಾ ನೋಡೀರಿ. ಹಂಗ ಆಗೂದು ಹೌದಲ್ರಿ? ಅಕಿ ಬದುಕಿ ಬರ್ತಾಳಲ್ಲ?"

ಆ ಚಿತ್ರವನ್ನು ನಾನು ಎರಡು ವಾರ ಓಡಿಸಿದ್ದೆ. ಅದರ ಮಾತು ನನಗೆ ಕೇಳಿಸಿರಲಿಲ್ಲ, ಆದರೆ ಕಣ್ಣಿಗೆ ಎಲ್ಲ ಕಂಡಿತ್ತು. ಮರುದಿನ ಬೆಳಗ್ಗೆ ಅವಳ ಹೆಣ ದಂಡೆಗೆ ಬರುತ್ತದೆ. ಕಡೆಯ ದೃಶ್ಯದಲ್ಲಿ ಗೋಡೆಯ ಮೇಲೆ ಹಾರ ಹಾಕಿದ ಫೋಟೋ, ಅದರ ಮುಂದೆ ಮಾಸ್ತರ.

"ಹೌದ್ರಿ ಫಕೀರಪ್ಪಣ್ಣ" ಎಂದೆ. "ಬದುಕಿ ಬರ್ತಾಳ್ರಿ. ನೀಲವ್ವ ಹೇಳಿದಂಗ."

ಅವರು ತಲೆ ಆಡಿಸಿದರು. ನಾರು ಸೇರಿಸಿ ಒಂದೆರಡು ಸುತ್ತು ಹೊಸೆದರು.

"ಸುಳ್ಳ ಹೇಳಾಕತ್ತೀರಿ" ಎಂದರು, ಸಿಟ್ಟಿಲ್ಲದೆ. "ನಮ್ಮಾಕಿ ಹೋದ ಮ್ಯಾಲೆ ಆ ಪಿಚ್ಚರ್ ಟೀವಿಯಾಗ ಬಂತ್ರಿ. ಈ ತಂಗಿ ಮಗಳು ಪಕ್ಕದಾಗ ಕುಂತು ಎಲ್ಲಾ ಹೇಳಿದ್ಳು. ಅಕಿ ಸಾಯ್ತಾಳ."

"ಮತ್ತ ನನ್ನ ಯಾಕ ಕೇಳಿದ್ರಿ?"

"ಬದುಕಿ ಬರ್ತಾಳ ಅನ್ನೂದನ್ನ ಇನ್ನೊಬ್ರ ಬಾಯಿಂದ ಒಮ್ಮೆ ಕೇಳಬೇಕಾಗಿತ್ರಿ" ಎಂದರು.